ಕಾಲ ಕೆಟ್ಟಿತೋ, ಕೆಡಿಸಿದವರುಂಟೋ?

“ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ.” ಇದು ಕನ್ನಡದ ಗಾದೆ. “ಆರುದ್ರ ಕುರಿಸ್ತೇ ಆರು ಕಾರ್ತುಲು ಕುರುಸ್ತಾಯಿ.” ಇದು ತೆಲುಗಿನ ಸಾಮೆತ. ಆರಿದ್ರೆ ಸುರಿದರೆ ಮುಂದಿನ ಆರು ಮಳೆಯೂ ಸುರಿಯುತ್ತವೆ ಎಂದು ಅರ್ಥ. ಮಡಕಶಿರಾ, ಅಮರಾಪುರ, ಅಗಳಿ, ರೊಳ್ಳ, ಗುಡಿಬಂಡ ಸೀಮೆಯಲ್ಲಿ ಈ ಎರಡು ಮಾತೂ ಒಂದೇ ಬಾಯಲ್ಲಿ ಬರುತ್ತವೆ. ಆಡಳಿತಕ್ಕೆ ನಾವು ಆಂಧ್ರದವರು, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯವರು, ಮನೆಮಾತಿಗೆ ಕನ್ನಡದವರು, ಮಳೆಯ ಲೆಕ್ಕದಲ್ಲಿ ಮಾತ್ರ ಯಾರಿಗೂ ಬೇಡದವರು. ಪಶ್ಚಿಮಘಟ್ಟದಲ್ಲಿ ಸುರಿದು ಬರುವ ಮುಂಗಾರು ನಮ್ಮನ್ನು ಮುಟ್ಟುವ ಹೊತ್ತಿಗೆ ಬರಿಗೈ. ಬಂಗಾಳಕೊಲ್ಲಿಯ ಹಿಂಗಾರು ಕರಾವಳಿಯಲ್ಲೇ ದಣಿದುಬಿಡುತ್ತದೆ. ಅನಂತಪುರ ಸೀಮೆಗೆ ವರ್ಷಕ್ಕೆ ಸರಾಸರಿ ಸುಮಾರು 550 ಮಿಲಿಮೀಟರ್ ಮಳೆ. ಅಷ್ಟನ್ನೇ ನಂಬಿ ಹಿರಿಯರು ಬದುಕಿದರು.

ಈಗ ಆ ನಂಬಿಕೆಯೇ ಅಲುಗಾಡುತ್ತಿದೆ. ಆರಿದ್ರೆ ಕೈಕೊಟ್ಟು ಹಸ್ತ, ಚಿತ್ತೆಗಳಲ್ಲಿ ಕೆರೆ ಒಡೆಯುವಂತೆ ಸುರಿದ ವರ್ಷಗಳನ್ನು ನಾವೆಲ್ಲ ಕಂಡಿದ್ದೇವೆ. ಮಳೆ ಮೊದಲಿನಂತಿಲ್ಲ ಎಂಬುದರಲ್ಲಿ ಊರಿಗೆಲ್ಲ ಒಂದೇ ಮಾತು. ಏಕೆ ಹೀಗಾಯಿತು, ನಾವೇನು ಮಾಡಬೇಕು ಎಂದರೆ ಮಾತ್ರ ಜಗಳ.

ಕಟ್ಟೆಯ ಮೇಲಿನ ನಾಲ್ಕು ಮಾತು

ನಮ್ಮ ಕಡೆ ರಚ್ಚಬಂಡೆ ಅಂದರೂ ಅದೇ, ಅರಳಿಕಟ್ಟೆ ಅಂದರೂ ಅದೇ. ಅಲ್ಲಿ ಕೂತು ಕಿವಿಗೊಟ್ಟರೆ ನಾಲ್ಕು ಬಗೆಯ ಮಾತು ಕೇಳುತ್ತದೆ.

ಮೊದಲನೆಯದು ಹಿರಿಯರ ಮಾತು: “ಧಾತು ಕರುವು ಬಂದಾಗ ಯಾವ ಕಾರಿತ್ತಪ್ಪ, ಯಾವ ಲಾರಿ ಇತ್ತು? ಬರ ಅನ್ನೋದು ಈ ನೆಲದ ಹಣೇಲಿ ಬರೆದೈತೆ.”

ಎರಡನೆಯದು ಓದಿದ ಹುಡುಗರದು: “ಹೊಗೆ ಬಿಟ್ಟೋರು ಅಮೆರಿಕದೋರು, ಚೀನಾದೋರು. ನಾವು ಒಂದು ಹೊಂಡ ತೋಡಿದ್ರೆ ಲೋಕ ತಣ್ಣಗಾಗ್ತದಾ ಮಾವ?”

ಮೂರನೆಯದು ಸಂತೆಗೆ ಬರುವ ವ್ಯಾಪಾರಸ್ಥರದು: “ಅದೆಲ್ಲ ದೊಡ್ಡ ಮಾತು ಬಿಡಿ. ನೀವು ಸಾವಿರ ಅಡಿ ಬೋರು ಕೊರೆದು ನೆಲದ ಹೊಟ್ಟೆ ಬಗೆದ್ರಿ, ಅನುಭವಿಸ್ತಾ ಇದ್ದೀರಿ.”

ನಾಲ್ಕನೆಯದು ಕೂಲಿಯವರ ಮಾತು. ಅದು ಎಲ್ಲಕ್ಕಿಂತ ಚಿಕ್ಕದು: “ಯಾರು ಏನು ಮಾಡಿದ್ರೂ ನಮ್ ಕೂಲಿ ಹೋಗದಂಗೆ ಮಾಡ್ರಪ್ಪ.”

ಇವರಲ್ಲಿ ಯಾರೂ ದಡ್ಡರಲ್ಲ. ನಾಲ್ಕರಲ್ಲೂ ಒಂದೊಂದು ಪಾಲು ನಿಜವಿದೆ. ಆದರೆ ಆ ಒಂದು ಪಾಲನ್ನೇ ಪೂರ್ತಿ ನಿಜವೆಂದು ಹಿಡಿದರೆ ನಾಲ್ವರೂ ಕೈಕಟ್ಟಿ ಕೂರಬೇಕಾಗುತ್ತದೆ.

ಸರ್ಕಾರಿ ಕಾಗದದಲ್ಲಿ ಇದಕ್ಕೆ ಕನ್ನಡದಲ್ಲಿ ‘ಹವಾಮಾನ ಬದಲಾವಣೆ’, ತೆಲುಗಿನಲ್ಲಿ ‘ವಾತಾವರಣ ಮಾರ್ಪು’ ಎಂದು ಹೆಸರು. ನಮ್ಮ ಜನ ಹಾಗನ್ನುವುದಿಲ್ಲ. “ಕಾಲ ಕೆಟ್ಟೋಯ್ತು” ಅನ್ನುತ್ತಾರೆ, “ಕಾಲಂ ಮಾರಿಪೋಯಿಂದಿ” ಅನ್ನುತ್ತಾರೆ. ಎರಡು ಭಾಷೆಯಲ್ಲೂ ಪದ್ಯ ಕಟ್ಟುವ ನನಗೆ ಈ ‘ಕಾಲ’ ಎಂಬ ಮಾತಿನ ಬಗ್ಗೆ ಒಂದು ಗುಮಾನಿ. ಕಾಲ ಅಂದರೆ ಋತುವೂ ಹೌದು, ವಿಧಿಯೂ ಹೌದು. ಕಾಲ ಕೆಟ್ಟಿತು ಅಂದುಬಿಟ್ಟರೆ ಕೆಡಿಸಿದವರು ಯಾರು ಎಂದು ಕೇಳುವ ಹಾಗೇ ಇಲ್ಲ.

ಧಾತು ಬರ ಹೇಳುವ ಪಾಠ

ಹಿರಿಯರ ಮಾತಿನಿಂದಲೇ ಶುರು ಮಾಡೋಣ. ಧಾತು ಸಂವತ್ಸರದ ಬರ 1876ರಿಂದ 78ರವರೆಗೆ ದಕ್ಷಿಣ ಭಾರತವನ್ನು ಸುಟ್ಟಿತು. ಬಳ್ಳಾರಿ, ಅನಂತಪುರ, ಕರ್ನೂಲು, ಕಡಪ, ಮೈಸೂರು ಸೀಮೆಗಳಲ್ಲಿ ಸತ್ತವರು ಲಕ್ಷಾಂತರ. ಆಗ ವಾತಾವರಣದಲ್ಲಿ ಕಾರಿನ ಹೊಗೆ ಇರಲಿಲ್ಲ. ಪೆಸಿಫಿಕ್ ಸಾಗರದ ಮೇಲ್ಮೈ ನೀರು ವಿಪರೀತ ಬಿಸಿಯಾಗಿ ನಮ್ಮ ಮುಂಗಾರು ಕೆಡುವುದುಂಟು. ಇದಕ್ಕೆ ಎಲ್ ನಿನೊ ಎನ್ನುತ್ತಾರೆ. 1877ರಲ್ಲಿ ಬಂದದ್ದು ಬಲು ದೊಡ್ಡ ಎಲ್ ನಿನೊ. ಆದ್ದರಿಂದ ಬರ ಹೊಸದಲ್ಲ ಎಂಬ ಹಿರಿಯರ ಮಾತು ಸರಿ.

ಆದರೆ ಅದೇ ಬರದಲ್ಲಿ ಇನ್ನೊಂದು ಪಾಠವಿದೆ. ಮಳೆ ಇಲ್ಲದೆ ಬೆಳೆ ಹೋಯಿತು. ಜನ ಹೋದದ್ದು ಬರೀ ಮಳೆ ಇಲ್ಲದ್ದಕ್ಕಲ್ಲ. ಆಗಲೂ ಒಂದು ದೊಡ್ಡ ವಾದ ನಡೆದಿತ್ತು. ಸರ್ಕಾರ ಧಾನ್ಯದ ವ್ಯಾಪಾರದಲ್ಲಿ ಕೈ ಹಾಕಬಾರದು, ಪರಿಹಾರಕ್ಕೆ ಹೆಚ್ಚು ಖರ್ಚು ಮಾಡಬಾರದು ಎಂಬುದು ವೈಸರಾಯ್ ಲಿಟನ್ ಆಡಳಿತದ ನಿಲುವು. ದೇಶದಿಂದ ಧಾನ್ಯ ಹೊರಗೆ ಹೋಗುತ್ತಲೇ ಇತ್ತು. ಪರಿಹಾರ ಕಾಮಗಾರಿಯಲ್ಲಿ ದುಡಿದವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಸ್ವಲ್ಪ ಪುಡಿಗಾಸು ಸಾಕೆಂದು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಗೊತ್ತು ಮಾಡಿದ. ಇಂದಿನ ಲೆಕ್ಕದಲ್ಲಿ ಅರ್ಧ ಕಿಲೋಗೂ ಕಡಿಮೆ. ಜನ ಸತ್ತ ಮೇಲೆ 1880ರಲ್ಲಿ ಕ್ಷಾಮ ಆಯೋಗ ವರದಿ ಕೊಟ್ಟಿತು. ಆಮೇಲೆ ಕ್ಷಾಮ ನಿಯಮಾವಳಿ ಬಂತು.

ಬರ ತಂದದ್ದು ಕಡಲು. ಬರವನ್ನು ಸಾವಾಗಿಸಿದ್ದು “ಈಗಲೇ ಏನೂ ಮಾಡಬೇಕಿಲ್ಲ” ಎಂಬ ನಿಲುವು. ಇಂದಿನ ಹವಾಮಾನದ ಜಗಳ ಕೇಳುವಾಗ ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಅಸಲು ಮತ್ತು ಬಡ್ಡಿ

ಹಾಗಾದರೆ ಈಗ ಹೊಸದೇನು? ಸಾಲದ ಭಾಷೆಯಲ್ಲಿ ಹೇಳಿದರೆ ನಮ್ಮವರಿಗೆ ಬೇಗ ತಿಳಿಯುತ್ತದೆ. ಬರ ಎಂಬುದು ಹಳೆಯ ಅಸಲು. ಅದರ ಮೇಲೆ ಈಗ ಬಿಸಿಯ ಬಡ್ಡಿ ಏರುತ್ತಿದೆ.

ಕಲ್ಲಿದ್ದಲು, ಎಣ್ಣೆ ಸುಟ್ಟರೆ ಹುಟ್ಟುವ ಇಂಗಾಲದ ಡೈಆಕ್ಸೈಡ್ ಭೂಮಿಯ ಶಾಖವನ್ನು ಕಂಬಳಿಯಂತೆ ಹಿಡಿದಿಡುತ್ತದೆ. ಇದು ನಿನ್ನೆ ಮೊನ್ನೆ ಹುಟ್ಟಿದ ಮಾತಲ್ಲ. ಸ್ವೀಡನ್ನಿನ ಅರೀನಿಯಸ್ ಎಂಬ ವಿಜ್ಞಾನಿ 1896ರಲ್ಲೇ ಇದರ ಲೆಕ್ಕ ಹಾಕಿದ್ದ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಈ ಅನಿಲ ಸುಮಾರು 280 ಭಾಗವಿತ್ತು. ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ 1958ರಲ್ಲಿ ಅಳೆಯಲು ಶುರು ಮಾಡಿದಾಗ 315. ಈಗ 420ನ್ನೂ ದಾಟಿದೆ. 2024ನೇ ಇಸವಿಯಲ್ಲಿ ಲೋಕದ ಸರಾಸರಿ ಉಷ್ಣತೆ ಆ ಹಳೆಯ ಕಾಲಕ್ಕಿಂತ ಒಂದೂವರೆ ಡಿಗ್ರಿ ಮೀರಿತೆಂದು ವಿಶ್ವ ಹವಾಮಾನ ಸಂಸ್ಥೆ ಹೇಳಿದೆ. ಭಾರತದ ಸರಾಸರಿ 1901ರಿಂದ 2018ರ ನಡುವೆ ಸುಮಾರು 0.7 ಡಿಗ್ರಿ ಏರಿದೆ ಎಂದು ಕೇಂದ್ರ ಸರ್ಕಾರದ ಭೂವಿಜ್ಞಾನ ಸಚಿವಾಲಯವೇ 2020ರ ವರದಿಯಲ್ಲಿ ಬರೆದಿದೆ.

“ಒಂದು ಡಿಗ್ರಿಗೆ ಏನಾಗ್ತದೆ?” ಎಂದು ನಗುವವರಿದ್ದಾರೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ನೂರಕ್ಕೆ ಏಳರಷ್ಟು ಹೆಚ್ಚು ತೇವ ಹಿಡಿಯಬಲ್ಲದು. ಅದರಿಂದ ಎರಡು ಕೇಡು. ಮಳೆ ಇಲ್ಲದ ದಿನ ಹೊಲದ ಹದವನ್ನು, ತೆಲುಗಿನಲ್ಲಿ ಪದನು ಅನ್ನುತ್ತೇವಲ್ಲ ಅದನ್ನು, ಬೇಗ ಹೀರಿಬಿಡುತ್ತದೆ. ಸುರಿಯುವ ದಿನ ಒಂದೇ ಏಟಿಗೆ ಸುರಿದುಬಿಡುತ್ತದೆ. 2009ನ್ನು ನೆನಪಿಸಿಕೊಳ್ಳಿ. ಆ ವರ್ಷ ದೇಶದ ಮುಂಗಾರು ವಾಡಿಕೆಗಿಂತ ನೂರಕ್ಕೆ 22ರಷ್ಟು ಕಡಿಮೆ. ಅದೇ ವರ್ಷದ ಅಕ್ಟೋಬರ್ ಮೊದಲ ವಾರ ಕರ್ನೂಲು ಪಟ್ಟಣ ಮುಳುಗಿತು, ಮಂತ್ರಾಲಯಕ್ಕೆ ನೀರು ನುಗ್ಗಿತು, ಉತ್ತರ ಕರ್ನಾಟಕ ತತ್ತರಿಸಿತು. ಬರವೂ ನೆರೆಯೂ ಒಂದೇ ವರ್ಷದ ಪಂಚಾಂಗದಲ್ಲಿ! ಯಾವುದೋ ಒಂದು ಮಳೆಯನ್ನು ತೋರಿಸಿ ಇದೇ ಹವಾಮಾನ ಬದಲಾವಣೆ ಎನ್ನುವುದು ತಪ್ಪು. ಒಂದು ತಾಲ್ಲೂಕಿನ ನಾಳಿನ ಮಳೆಯ ಬಗ್ಗೆ ಖಡಾಖಂಡಿತ ಹೇಳುವ ವಿಜ್ಞಾನಿಯೂ ಇಲ್ಲ. ಆದರೆ ಬಿಸಿ ಏರಿದೆ, ಏರಿಸಿದ್ದು ಮನುಷ್ಯರ ಹೊಗೆ ಎಂಬ ವಿಷಯದಲ್ಲಿ ಈಗ ಅವರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಇದೇ ಜಾಗದಲ್ಲಿ ಕೆಲವು ಜೋಯಿಸರು ಅಡ್ಡ ಬರುತ್ತಾರೆ: “ಮಳೆ ಬದಲಾಗಿಲ್ಲ, ನಕ್ಷತ್ರ ಜರುಗಿದೆ.” ಇದೂ ಸುಳ್ಳಲ್ಲ. ಭೂಮಿಯ ಅಕ್ಷ ಬುಗುರಿಯಂತೆ ಓಲಾಡುವುದರಿಂದ ಮಳೆ ನಕ್ಷತ್ರಗಳು ಋತುವಿನಿಂದ ಸರಿಯುತ್ತಾ ಹೋಗುತ್ತವೆ. ಆದರೆ ಎಷ್ಟು? ಸುಮಾರು 70 ವರ್ಷಕ್ಕೆ ಒಂದು ದಿನ. ನಮ್ಮ ಅಪ್ಪನ ಕಾಲದಿಂದ ಇಲ್ಲಿಗೆ ಒಂದು ದಿನ ಜರುಗಿರಬಹುದು. ಆರಿದ್ರೆಯ ಮಳೆ ಚಿತ್ತೆಗೆ ಹೋಗಲು ಅದು ಸಾಲದು.

ದೊಡ್ಡವರ ಜಗಳ

ಇಷ್ಟು ತಿಳಿದಿದ್ದರೂ ಲೋಕ ಏಕೆ ಇನ್ನೂ ವಾದ ಮಾಡುತ್ತಿದೆ? ವ್ಯಾಪಾರಸ್ಥರಿಗೆ ಇದರ ಉತ್ತರ ಬೇಗ ಹೊಳೆಯುತ್ತದೆ. ಅನುಮಾನದಿಂದಲೂ ಲಾಭವಿದೆ. ಎಕ್ಸಾನ್ ಎಂಬ ಅಮೆರಿಕದ ತೈಲ ಕಂಪನಿಯ ಸ್ವಂತ ವಿಜ್ಞಾನಿಗಳು 1970, 80ರ ದಶಕಗಳಲ್ಲೇ ಭೂಮಿ ಎಷ್ಟು ಬಿಸಿಯಾಗುತ್ತದೆಂದು ಅಂದಾಜು ಕಟ್ಟಿದ್ದರು. ಆ ಅಂದಾಜು ಬಹುಪಾಲು ಸರಿಯಾಗಿಯೇ ಇತ್ತೆಂದು 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ಹೊರಗೆ ಮಾತ್ರ ಆ ಕಂಪನಿ ವಿಜ್ಞಾನವಿನ್ನೂ ಖಚಿತವಿಲ್ಲ ಎನ್ನುತ್ತಲೇ ಬಂತು. ತನ್ನ ತಕ್ಕಡಿಯಲ್ಲಿ ಸರಿಯಾಗಿ ತೂಗಿಕೊಂಡು, ಗಿರಾಕಿಯ ಮುಂದೆ ತಕ್ಕಡಿಯೇ ಸರಿಯಿಲ್ಲ ಎಂದ ಹಾಗೆ.

ದೇಶಗಳ ಜಗಳ ಇನ್ನೊಂದು. 1997ರಲ್ಲಿ ಕ್ಯೋಟೋ ಒಪ್ಪಂದವಾಯಿತು. 2001ರಲ್ಲಿ ಅಮೆರಿಕ ಒಲ್ಲೆನೆಂದಿತು. 2015ರಲ್ಲಿ ಪ್ಯಾರಿಸ್ ಒಪ್ಪಂದವಾಯಿತು. 2020ರಲ್ಲಿ ಅಮೆರಿಕ ಹೊರಗೆ ಹೋಯಿತು, 2021ರಲ್ಲಿ ಒಳಗೆ ಬಂತು, 2025ರ ಜನವರಿಯಲ್ಲಿ ಮತ್ತೆ ಹೊರಡುವ ಆದೇಶ ಹೊರಡಿಸಿತು. ನಮ್ಮ ಹುಡುಗರ ಸಿಟ್ಟಿಗೆ ಕಾರಣವಿಲ್ಲದಿಲ್ಲ. ಅಮೆರಿಕದ ಒಬ್ಬ ಮನುಷ್ಯನ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಬೀಳುತ್ತದೆ, ಭಾರತದವನ ಪಾಲಿಗೆ ಸುಮಾರು ಎರಡು ಟನ್.

ಈ ಸಿಟ್ಟಿಗೆ ಮೊದಲು ಮಾತು ಕೊಟ್ಟವರು ದೆಹಲಿಯ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್. ಅಮೆರಿಕದ ಸಂಸ್ಥೆಯೊಂದು ಬಡದೇಶಗಳ ಭತ್ತದ ಗದ್ದೆ, ದನಕರುಗಳಿಂದ ಹೊರಡುವ ಮೀಥೇನ್ ಅನಿಲವನ್ನೂ ಶ್ರೀಮಂತರ ಕಾರಿನ ಹೊಗೆಯನ್ನೂ ಒಂದೇ ಪಟ್ಟಿಯಲ್ಲಿ ಹಾಕಿತ್ತು. 1991ರಲ್ಲಿ ಈ ಇಬ್ಬರು ಅದನ್ನು ಪ್ರಶ್ನಿಸಿದರು. ಹೊಟ್ಟೆಪಾಡಿನ ಹೊಗೆ ಬೇರೆ, ಶೋಕಿಯ ಹೊಗೆ ಬೇರೆ ಎಂಬುದು ಅವರ ವಾದ. ಎರಡು ಎಮ್ಮೆ ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ನಮ್ಮ ಹೆಣ್ಣುಮಕ್ಕಳು ಇದನ್ನು ಒಪ್ಪದೆ ಇರಲಾರರು.

ಆದರೆ ಈ ನ್ಯಾಯವನ್ನು ನೆಪ ಮಾಡಿಕೊಂಡು ಸುಮ್ಮನೆ ಕೂತರೆ ನಷ್ಟ ಯಾರಿಗೆ? ಒಟ್ಟು ಲೆಕ್ಕದಲ್ಲಿ ಹೊಗೆ ಬಿಡುವ ದೇಶಗಳಲ್ಲಿ ಭಾರತಕ್ಕೀಗ ಮೂರನೇ ಸ್ಥಾನ. ಆ ಹೊಗೆಯೆಲ್ಲ ಮಡಕಶಿರಾದ ರೈತನದಲ್ಲ, ಪಟ್ಟಣಗಳದು, ಕಾರ್ಖಾನೆಗಳದು. ನ್ಯಾಯದ ಪ್ರಶ್ನೆ ಅಮೆರಿಕಕ್ಕೂ ನಮಗೂ ಮಾತ್ರವಲ್ಲ, ಬೆಂಗಳೂರಿಗೂ ನಮಗೂ ಇದೆ. 2015ರ ಬೇಸಿಗೆಯ ಬಿಸಿಗಾಳಿಗೆ ಆಂಧ್ರ, ತೆಲಂಗಾಣಗಳಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತಾಗ ಅವರಲ್ಲಿ ಬಿಸಿಲಲ್ಲಿ ದುಡಿಯುವವರು, ಮುದುಕರೇ ಬಹಳ. ಏಸಿ ಕೋಣೆಯಲ್ಲಿ ಕೂತು ವಾದ ಮಾಡಿದವರು ಅವರೊಳಗಿರಲಿಲ್ಲ.

ಪಾವಗಡದ ಗಾಜಿನ ಹೊಲ

ಏನಾದರೂ ಮಾಡಬೇಕು ಎಂದು ಹೊರಟಲ್ಲಿಯೂ ಜಗಳ ಮುಗಿಯುವುದಿಲ್ಲ. ಇದಕ್ಕೆ ದೂರ ಹೋಗಬೇಕಿಲ್ಲ, ನೆರೆಯ ಪಾವಗಡವೇ ಸಾಕು. ತುಮಕೂರು ಜಿಲ್ಲೆಯ ಈ ತಾಲ್ಲೂಕು ಮೂರು ಕಡೆ ಆಂಧ್ರದಿಂದ ಸುತ್ತುವರಿದಿದೆ. ಭಾಷೆಯೂ ನಮ್ಮದೇ ಬೆರಕೆ. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು ಸೇರಿ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಎದ್ದಿದೆ. 2018ರಲ್ಲಿ ಉದ್ಘಾಟನೆಯಾಯಿತು, 2019ರ ಕೊನೆಗೆ 2,000 ಮೆಗಾವ್ಯಾಟ್ ಮುಟ್ಟಿತು. ಭೂಮಿಯನ್ನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರಿಕೆ.

ಹತ್ತು ಎಕರೆ ಬೀಳು ಇದ್ದವನಿಗೆ ಇದು ಮಳೆಯ ಹಂಗಿಲ್ಲದ ಬೆಳೆ. ಕಳ್ಳೇಕಾಯಿ ಹಾಕಿ ನಾಲ್ಕು ವರ್ಷಕ್ಕೆ ಮೂರು ವರ್ಷ ಕೈ ಸುಟ್ಟುಕೊಂಡವನು ಗುತ್ತಿಗೆ ಕೊಟ್ಟರೆ ತಪ್ಪೆನ್ನುವವರು ಯಾರು? ಆದರೆ ಭೂಮಿಯೇ ಇಲ್ಲದವನಿಗೆ ಬಾಡಿಗೆ ಎಲ್ಲಿಂದ ಬರಬೇಕು? ಕಳೆ ಕೀಳುವ, ಕಾಯಿ ಬಿಡಿಸುವ ಕೂಲಿ ಹೋಯಿತು. ಕುರಿ ಮೇಯುತ್ತಿದ್ದ ಬಯಲಿಗೆ ಬೇಲಿ ಬಿತ್ತು. ಗಾಜು ತೊಳೆಯುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸ ಕೆಲವರಿಗಷ್ಟೇ.

ನಮ್ಮ ಸೀಮೆಗೂ ಈಗ ಭೂಮಿ ಕೇಳಿಕೊಂಡು ಬ್ರೋಕರುಗಳು ಓಡಾಡುತ್ತಿದ್ದಾರೆ. ಬಿಸಿಲಿನಿಂದ ಕರೆಂಟು ಮಾಡುವುದನ್ನು ನಾನು ವಿರೋಧಿಸುವವನಲ್ಲ. ಕಲ್ಲಿದ್ದಲು ಕಡಿಮೆಯಾಗಬೇಕಾದರೆ ಎಲ್ಲೋ ಒಂದು ಕಡೆ ಗಾಜು ಏಳಲೇಬೇಕು. ಆದರೆ ಲೋಕದ ಬಿಸಿ ಇಳಿಸುವ ಖರ್ಚನ್ನು ಕುರಿಗಾಹಿಯ ಹೊಟ್ಟೆಯಿಂದ ವಸೂಲು ಮಾಡಬಾರದು. ಗುತ್ತಿಗೆಯ ಕಾಗದಕ್ಕೆ ಸಹಿ ಬೀಳುವ ಮೊದಲೇ ಭೂಮಿ ಇಲ್ಲದವರ ಪಾಲು ಎಷ್ಟು, ಮೇವಿಗೆ ಜಾಗ ಎಲ್ಲಿ ಎಂದು ಗ್ರಾಮಸಭೆಯಲ್ಲಿ ತೀರ್ಮಾನವಾಗಬೇಕು. ಕಾಗದ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಕನ್ನಡದಲ್ಲೂ ಓದಿ ಹೇಳಬೇಕು. ಹೆಬ್ಬೆಟ್ಟು ಒತ್ತಿಯಾದ ಮೇಲೆ ಅರ್ಥ ಕೇಳಿದರೆ ಪ್ರಯೋಜನವಿಲ್ಲ.

ಬೋರಿನ ಲೆಕ್ಕ ಬೇರೆ

ಇನ್ನು ವ್ಯಾಪಾರಸ್ಥರ ಮಾತು. ಬೋರು ಬತ್ತಿದ್ದಕ್ಕೆಲ್ಲ ಅಮೆರಿಕವನ್ನು ಬೈದು ಫಲವಿಲ್ಲ ಎಂಬುದು ಅವರ ಮಾತಿನ ನಿಜವಾದ ಪಾಲು. ಕೆರೆಯ ಹೂಳು ಎತ್ತದೆ ಬಿಟ್ಟದ್ದು ಹೊರಗಿನವರಲ್ಲ. ಆಂಧ್ರದಲ್ಲಿ ನೀರು, ಭೂಮಿ, ಮರಗಳ ಕಾಯ್ದೆ 2002ರಲ್ಲೇ ಬಂತು. ಬೋರು ಕೊರೆಯಲು ಅನುಮತಿ ಬೇಕೆಂದು ಅದರಲ್ಲಿದೆ. ಕಾಯ್ದೆ ಒಂದು ಕಡೆ, 2004ರಿಂದ ಪುಕ್ಕಟೆ ಕರೆಂಟು ಇನ್ನೊಂದು ಕಡೆ. ಗೆದ್ದದ್ದು ರಿಗ್ ಲಾರಿ.

ಒಂದೇ ಬೆಳೆಗೆ ಜೋತುಬಿದ್ದದ್ದೂ ಹಾಗೆಯೇ. ಹಳೆಯ ಅನಂತಪುರ ಜಿಲ್ಲೆಯಲ್ಲಿ ಒಂದು ಕಾಲಕ್ಕೆ ಏಳೆಂಟು ಲಕ್ಷ ಹೆಕ್ಟೇರಿನಲ್ಲಿ ಕಳ್ಳೇಕಾಯಿಯೇ. ಹೂವು ನೆಲಕ್ಕಿಳಿದು ಕಾಯಿ ಕಟ್ಟುವ ಹೊತ್ತಿಗೆ ಇಪ್ಪತ್ತು ದಿನ ಮಳೆ ತಪ್ಪಿದರೆ ಇಡೀ ಜಿಲ್ಲೆ ಒಟ್ಟಿಗೆ ಮುಳುಗಿತು. ಆದರೆ ರೈತರೇ ಮೂರ್ಖರು ಎನ್ನುವವರು ಒಂದು ಮಾತು ತಿಳಿಯಬೇಕು. ಕಳ್ಳೇಕಾಯಿಗೆ ಸಾಲ ಸಿಕ್ಕಿತು, ವಿಮೆ ಸಿಕ್ಕಿತು, ಎಣ್ಣೆ ಮಿಲ್ಲಿನ ಮುಂಗಡ ಸಿಕ್ಕಿತು. ಕೊರಲೆಗೆ, ಸಾಮೆಗೆ ಯಾರು ಏನು ಕೊಟ್ಟರು?

ಜಗಳ ಮುಗಿಯುವವರೆಗೆ ಕಾಯಬೇಕೆ?

ನನ್ನ ಉತ್ತರ ಇಷ್ಟು. ಕಾರಣದ ಬಗ್ಗೆ ನಾಲ್ಕು ಮಾತಿರಲಿ. ನಾಲ್ವರಿಗೂ ನಷ್ಟವಾಗದ ಕೆಲಸಗಳಿವೆ. ಹಿರಿಯರು ಹೇಳುವಂತೆ ಇದು ಹಳೆಯ ಬರವೇ ಆಗಿದ್ದರೂ ಅವು ಬೇಕು, ವಿಜ್ಞಾನಿಗಳು ಹೇಳುವ ಹೊಸ ಬಿಸಿಯಾಗಿದ್ದರೆ ಇನ್ನೂ ಬೇಕು.

ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್ ನೀರು. ಐದು ಎಕರೆಯವನಿಗೆ ಐದು ಲಕ್ಷ. ಬಿರುಮಳೆಯಲ್ಲಿ ಅದರ ಕಾಲು ಭಾಗ ಹರಿದುಹೋಗುವುದನ್ನು ಹೊಂಡದಲ್ಲಿ ಹಿಡಿದರೂ ಬೆಳೆ ಬಾಡುವ ವಾರದಲ್ಲಿ ಒಂದು ತಂತಿ ನೀರು ಕೊಡಬಹುದು. ನಮ್ಮ ಕೆಂಪು ನೆಲ ನೀರು ಕುಡಿಯುತ್ತದೆ, ತಳಕ್ಕೆ ಹಾಳೆ ಹಾಸಬೇಕು. ಕರ್ನಾಟಕದಲ್ಲಿ 2014ರಲ್ಲಿ ‘ಕೃಷಿ ಭಾಗ್ಯ’ ಎಂದು, ಆಂಧ್ರದಲ್ಲಿ ಆಮೇಲೆ ‘ಪಂಟ ಸಂಜೀವಿನಿ’ ಎಂದು ಹೊಂಡಗಳು ತೋಡಿದವು. ಹಾಳೆ ಇಲ್ಲದ ಹೊಂಡ ಬೇಸಿಗೆಯಲ್ಲಿ ಹುಡುಗರ ಆಟದ ಮೈದಾನವಾಗುತ್ತದೆ.

ಕೊರಲೆಯನ್ನು ತೆಲುಗಿನಲ್ಲಿ ಅಂಡುಕೊರ್ರಲು ಎನ್ನುತ್ತೇವೆ. ಅನಂತಪುರ, ತುಮಕೂರು, ಚಿತ್ರದುರ್ಗ ಗಡಿಯ ಈ ಧಾನ್ಯ ಮೂರು ತಿಂಗಳೊಳಗೆ ಕೈಗೆ ಬರುತ್ತದೆ. ಮಳೆ ತಡವಾದರೂ ತಾಳುತ್ತದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಆಚರಣೆಯ ಜೊತೆಗೆ ಹತ್ತಿರದಲ್ಲೊಂದು ಸಿಪ್ಪೆ ತೆಗೆಯುವ ಮಿಲ್ಲು ಇದ್ದರೆ ರೈತ ತಾನಾಗಿ ಬಿತ್ತುತ್ತಾನೆ. ಆಂಧ್ರ ಸರ್ಕಾರದ ಪ್ರಕೃತಿ ಕೃಷಿ ಯೋಜನೆಯಲ್ಲಿ ಮುಂಗಾರಿಗೆ ಮುಂಚೆಯೇ ನವಧಾನ್ಯ ಬಿತ್ತಿ ನೆಲ ಮುಚ್ಚುವ ಪದ್ಧತಿ ಇದೆ. ಮುಚ್ಚಿದ ನೆಲ ಬೇಗ ಕಾಯುವುದಿಲ್ಲ. ಬದುವಿನ ಹುಣಸೆಯನ್ನಂತೂ ಮರೆಯಬಾರದು. ಬೆಳೆ ಹೋದ ವರ್ಷವೂ ಹಿಂದೂಪುರದ ಹುಣಸೆ ಮಾರುಕಟ್ಟೆಗೆ ಚೀಲ ಹೋಗಿದ್ದುಂಟು.

ಇದರಲ್ಲಿ ವ್ಯಾಪಾರಸ್ಥರ ಪಾಲೂ ಇದೆ. ಮಿಶ್ರಬೆಳೆ ಬೆಳೆಯಿರಿ ಎಂದು ಬುದ್ಧಿ ಹೇಳುವ ಶೆಟ್ಟರು ಐದು ಚೀಲ ಕೊರಲೆ, ಮೂರು ಚೀಲ ತೊಗರಿ ತಂದವನನ್ನು ತಕ್ಕಡಿಯ ಹತ್ತಿರ ಕಾಯಿಸಬಾರದು.

ಇಷ್ಟೆಲ್ಲ ಮಾಡಿದರೆ ಲೋಕ ತಣ್ಣಗಾಗುತ್ತದೆಯೇ? ಇಲ್ಲ. ಹುಡುಗರ ಪ್ರಶ್ನೆಗೆ ನನ್ನ ನೇರ ಉತ್ತರ ಅದು. ಲೋಕ ತಣ್ಣಗಾಗಬೇಕಾದರೆ ಕಲ್ಲಿದ್ದಲು, ಎಣ್ಣೆ ಸುಡುವವರು ನಿಲ್ಲಿಸಬೇಕು. ಭಾರತ 2070ಕ್ಕೆ ತನ್ನ ನಿವ್ವಳ ಹೊಗೆಯನ್ನು ಸೊನ್ನೆಗೆ ಇಳಿಸುತ್ತೇನೆಂದು 2021ರಲ್ಲಿ ಗ್ಲಾಸ್ಗೋದಲ್ಲಿ ಮಾತು ಕೊಟ್ಟಿದೆ. ಆ ಮಾತು ಉಳಿಸಿಕೊಳ್ಳಿ ಎಂದು ಕೇಳುವ ಹಕ್ಕು ನಮಗಿದೆ. ನಮಗಿಂತ ಹೆಚ್ಚು ಸುಟ್ಟವರು ಮೊದಲು ನಿಲ್ಲಿಸಲಿ, ನಮ್ಮ ನಷ್ಟಕ್ಕೆ ಹಣ ಕೊಡಲಿ ಎಂದು ಕೇಳುವ ಹಕ್ಕೂ ಇದೆ. ಆದರೆ ಅವರು ನಿಲ್ಲಿಸುವವರೆಗೆ ನಮ್ಮ ಹೊಲ ಕಾಯುವುದಿಲ್ಲ.

ಮುಂದಿನ ಗ್ರಾಮಸಭೆಗೆ ನಾಲ್ಕು ಮಾತಿನವರೂ ಬರಲಿ. ಕಾರಣದ ವಾದವನ್ನು ಕಟ್ಟೆಗೆ ಬಿಟ್ಟು ಮೂರು ಕೆಲಸ ಕೇಳೋಣ: ಹೊಂಡಕ್ಕೆ ಹಾಳೆ, ಕೊರಲೆಗೆ ಮಿಲ್ಲು, ಕನ್ನಡ ಶಾಲೆಯಲ್ಲಿ ಓದಿದ ಈ ಮಂಡಲಗಳ ರೈತನಿಗೆ ಕನ್ನಡದಲ್ಲೂ ಮಳೆಯ ಮುನ್ಸೂಚನೆ. ಇವುಗಳಲ್ಲಿ ಯಾವುದಕ್ಕೂ ಅಮೆರಿಕದ ಒಪ್ಪಿಗೆ ಬೇಕಿಲ್ಲ.